ಕೃಷಿ ಸಮ್ಮೇಳನಕ್ಕೆ ಹೈಸ್ಕೂಲು ಮಕ್ಕಳ ಜೊತೆ ಹೊರಟವರಿಗೆ: ಓದುಗರ ಪ್ರಶ್ನೆ, ತಿಳಿದವರ ಉತ್ತರ

ಬೋಧನಾಭ್ಯಾಸದಲ್ಲಿರುವ ಪ್ರಶಿಕ್ಷಣಾರ್ಥಿಗಳು ಹೈಸ್ಕೂಲು ಮಕ್ಕಳನ್ನು ಕೃಷಿ ಸಮ್ಮೇಳನಕ್ಕೆ ಕರೆದೊಯ್ಯುವ ಕುರಿತು ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಕೈಗೆತ್ತಿಕೊಂಡಿದ್ದೇವೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದಲ್ಲಿ ಒಬ್ಬರ ಪತ್ರವನ್ನಷ್ಟೇ ಉಳಿಸಿಕೊಂಡಿದ್ದೇವೆ. ಕೃಷಿ ಶಿಕ್ಷಣ, ಪಶುವೈದ್ಯ ಮತ್ತು ಯಂತ್ರ ತರಬೇತಿಯ ಕೆಲಸದಲ್ಲಿರುವವರು ಉತ್ತರಿಸಿದ್ದಾರೆ.

ಪ್ರಶ್ನೆ: ಒಂಬತ್ತನೇ ತರಗತಿಯ 40 ಮಕ್ಕಳನ್ನು ಕೃಷಿ ಸಮ್ಮೇಳನಕ್ಕೆ ಕರೆದೊಯ್ಯುವ ಯೋಜನೆ ಹಾಕಲು ಮಾರ್ಗದರ್ಶಿ ಶಿಕ್ಷಕರು ನನಗೆ ಹೇಳಿದ್ದಾರೆ. ಮೈದಾನದಲ್ಲಿ ನಾಲ್ಕು ಗಂಟೆ ಸಿಗುತ್ತದೆ. ಎಷ್ಟು ಮಳಿಗೆ ತೋರಿಸಬಹುದು? ಎಲ್ಲಿಂದ ಶುರು ಮಾಡಲಿ?
— ಪ್ರಶಿಕ್ಷಣಾರ್ಥಿ

ಉತ್ತರ: ಮೂರು. ಹತ್ತು, ಹದಿನೈದು ಎಂದು ಬರೆದುಕೊಂಡಿದ್ದರೆ ಆ ಹಾಳೆಯನ್ನು ಈಗಲೇ ಹರಿದುಬಿಡಿ.

ಲೆಕ್ಕ ಹೀಗಿದೆ. ನಾಲ್ಕು ಗಂಟೆ ಎಂದರೆ 240 ನಿಮಿಷ. ಬಸ್ಸಿನಿಂದ ಇಳಿದು, ಎಣಿಸಿ, ಗೇಟು ದಾಟಲು 20 ನಿಮಿಷ. ಊಟಕ್ಕೆ 40. ಶೌಚಾಲಯಕ್ಕೆ ಮತ್ತು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಯಲು ಇನ್ನೊಂದು 40. ಹೊರಡುವಾಗ ಒಟ್ಟುಗೂಡಿಸಿ ಎಣಿಸಲು 15. ಉಳಿದದ್ದು 125 ನಿಮಿಷ. ಒಂದು ಜಾಗದಲ್ಲಿ ಮಕ್ಕಳು ನಿಂತು, ನೋಡಿ, ಕೇಳಿ, ಬರೆದುಕೊಳ್ಳಲು 40 ನಿಮಿಷ ಬೇಕು. ಮೂರು ಜಾಗಕ್ಕೆ 120 ಆಯಿತು. ಮಿಕ್ಕ ಐದು ನಿಮಿಷವನ್ನು ಯಾರೋ ಒಬ್ಬರ ಚಪ್ಪಲಿ ಕಿತ್ತುಹೋಗಿ ನುಂಗುತ್ತದೆ.

ಶುರು ಮಾಡಬೇಕಾದದ್ದು ಮೈದಾನದಿಂದಲೇ. ಮಕ್ಕಳಿಲ್ಲದೆ ಒಮ್ಮೆ ಹೋಗಿ ನಡೆದು ನೋಡಿ. ಮೇಳ ಇನ್ನೂ ತೆರೆದಿಲ್ಲವೆಂದರೆ ಸಂಘಟಕರಿಂದ ಮಳಿಗೆಗಳ ನಕ್ಷೆ ಮತ್ತು ಪ್ರಾತ್ಯಕ್ಷಿಕೆಗಳ ವೇಳಾಪಟ್ಟಿ ತರಿಸಿಕೊಳ್ಳಿ. ನಕ್ಷೆಯ ಮೇಲೆ ಐದು ಗುರುತು ಹಾಕಿ: ಕುಡಿಯುವ ನೀರು, ಶೌಚಾಲಯ, ಸಾಬೂನಿನಿಂದ ಕೈ ತೊಳೆಯುವ ಜಾಗ, ಪ್ರಥಮ ಚಿಕಿತ್ಸೆ, ಎಲ್ಲರೂ ಸೇರಬೇಕಾದ ಸ್ಥಳ. ಸೇರುವ ಸ್ಥಳ ದೂರದಿಂದ ಕಾಣುವಂತಿರಲಿ, ಅಲುಗದ್ದಾಗಿರಲಿ. ‘ನಮ್ಮ ಬಸ್ಸಿನ ಹತ್ತಿರ’ ಎಂದು ಹೇಳುವುದು ಎಲ್ಲರೂ ಮಾಡುವ ತಪ್ಪು. ಬಸ್ಸನ್ನು ಪಾರ್ಕಿಂಗ್‌ನವರು ಬೇರೆಡೆಗೆ ಕಳಿಸಿರುತ್ತಾರೆ, ಅಥವಾ ಅದೇ ಬಣ್ಣದ ಇಪ್ಪತ್ತು ಬಸ್ಸು ಪಕ್ಕದಲ್ಲಿ ನಿಂತಿರುತ್ತವೆ.

40 ಮಕ್ಕಳನ್ನು ಎಂಟೆಂಟರ ಐದು ಗುಂಪು ಮಾಡಿ, ಒಂದೊಂದಕ್ಕೆ ಒಬ್ಬ ದೊಡ್ಡವರನ್ನು ಕೊಡಿ. ನಿಮ್ಮ ಕೈಯಲ್ಲಿ ಯಾವ ಗುಂಪೂ ಇರಬಾರದು. ಪ್ರಶಿಕ್ಷಣಾರ್ಥಿ ಗುಂಪಿನಿಂದ ಗುಂಪಿಗೆ ಓಡಾಡುತ್ತ, ಹಿಂದುಳಿದವರನ್ನು ಸೇರಿಸುತ್ತ, ಮುಂದಿನ ಮಳಿಗೆಯವರಿಗೆ ‘ಹತ್ತು ನಿಮಿಷದಲ್ಲಿ ಬರುತ್ತೇವೆ’ ಎಂದು ಹೇಳಿಬರುವ ಕೆಲಸ ಮಾಡಬೇಕು. ಇನ್ನೊಂದು ಮಾತು: ಯೋಜನೆ ನಿಮ್ಮದಾದರೂ ಪ್ರವಾಸದ ಹೊಣೆ ಶಾಲೆಯ ಕಾಯಂ ಶಿಕ್ಷಕರದ್ದೇ ಆಗಿರಬೇಕು. ‘ನೀವೇ ನೋಡಿಕೊಳ್ಳಿ’ ಎಂದು ಅವರು ಹಿಂದೆ ಸರಿದರೆ ಹೊರಡಬೇಡಿ. ತರಬೇತಿಯಲ್ಲಿರುವವರ ತಲೆಯ ಮೇಲೆ 40 ಮಕ್ಕಳ ಜವಾಬ್ದಾರಿ ಹೊರಿಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಪ್ರಶ್ನೆ: ಹೋದ ಸಲ ಮಕ್ಕಳಿಗೆ ಮೂವತ್ತು ಪ್ರಶ್ನೆಗಳ ಹಾಳೆ ಕೊಟ್ಟಿದ್ದೆವು. ಒಬ್ಬಳು ಬರೆದಳು, ಉಳಿದವರು ಬಸ್ಸಿನಲ್ಲಿ ನಕಲು ಮಾಡಿದರು. ಕೈಚೀಲದ ತುಂಬ ಕರಪತ್ರ ತಂದರು, ತಲೆಯಲ್ಲಿ ಏನೂ ಇರಲಿಲ್ಲ. ಈ ಸಲ ಏನು ಕೊಡಲಿ?
— ವಿಜ್ಞಾನ ಶಿಕ್ಷಕಿ

ಉತ್ತರ: ಹಾಳೆಯ ಬದಲು ಒಂದು ಅನುಮಾನ ಕೊಟ್ಟು ಕಳಿಸಿ. ಸಮ್ಮೇಳನದ ಪ್ರತಿ ಮಳಿಗೆಯೂ ಏನನ್ನೋ ನಂಬಿಸಲು ನಿಂತಿರುತ್ತದೆ. ‘ಇಳುವರಿ ಹೆಚ್ಚುತ್ತದೆ’, ‘ನೀರು ಉಳಿಯುತ್ತದೆ’, ‘ರೋಗ ಬರುವುದಿಲ್ಲ’. ಪ್ರತಿ ಗುಂಪೂ ಇಂಥ ಒಂದೇ ಒಂದು ಮಾತನ್ನು ಆರಿಸಿಕೊಂಡು ಅದರ ಬೆನ್ನು ಹತ್ತಲಿ. ಕೇಳಬೇಕಾದದ್ದು ನಾಲ್ಕೇ: ಯಾವುದಕ್ಕೆ ಹೋಲಿಸಿ ಹೆಚ್ಚು? ಎಷ್ಟು ತಾಕುಗಳಲ್ಲಿ, ಎಷ್ಟು ಹಂಗಾಮು ನೋಡಿದ್ದೀರಿ? ಆ ತಾಕಿಗೆ ನೀರು, ಗೊಬ್ಬರವೂ ಬೇರೆಯಾಗಿತ್ತೇ? ಯಾವ ಮಣ್ಣಿನಲ್ಲಿ ಇದು ಕೈಕೊಡುತ್ತದೆ? ಕೊನೆಯ ಪ್ರಶ್ನೆಗೆ ‘ಎಲ್ಲ ಮಣ್ಣಿಗೂ ಆಗುತ್ತದೆ’ ಎಂಬ ಉತ್ತರ ಬಂದರೆ ಮಕ್ಕಳು ಅದನ್ನೂ ಬರೆದುಕೊಳ್ಳಲಿ. ಅದೂ ಒಂದು ಮಾಹಿತಿಯೇ.

ಬೀಜದ ಮಳಿಗೆ ಈ ಕೆಲಸಕ್ಕೆ ಹೇಳಿಮಾಡಿಸಿದಂತಿರುತ್ತದೆ, ಏಕೆಂದರೆ ಅಲ್ಲಿನ ಮಾತನ್ನು ಶಾಲೆಗೆ ಬಂದು ಪರೀಕ್ಷಿಸಬಹುದು. ಬೀಜದ ಚೀಲದ ಲೇಬಲ್ಲಿನಲ್ಲಿ ಮೊಳಕೆ ಪ್ರಮಾಣ, ಶುದ್ಧತೆ, ಲಾಟ್ ಸಂಖ್ಯೆ, ಪರೀಕ್ಷೆ ಮಾಡಿದ ದಿನಾಂಕ ಇವೆಯೇ ನೋಡಿ ಬರೆದುಕೊಳ್ಳಲಿ. ಮೆಕ್ಕೆಜೋಳದ್ದು ಸಿಕ್ಕರೆ ಒಳ್ಳೆಯದು, ಕಾಳು ದೊಡ್ಡದು, ಎಣಿಕೆ ಸುಲಭ. ಚೀಲದ ಬೇರೆ ಬೇರೆ ಭಾಗದಿಂದ ತೆಗೆದ 100 ಕಾಳು ಬೇಕು. ಅವನ್ನು 25ರ ನಾಲ್ಕು ಪಾಲು ಮಾಡಿ. ಒದ್ದೆ ಮಾಡಿ ಹಿಂಡಿದ ಕಾಗದದ ಟವೆಲಿನ ಮೇಲೆ ಕಾಳುಗಳನ್ನು ಒಂದಕ್ಕೊಂದು ತಾಗದಂತೆ ಸಾಲಾಗಿಟ್ಟು, ಮೇಲೊಂದು ಟವೆಲು ಮುಚ್ಚಿ, ಸಡಿಲವಾಗಿ ಸುರುಳಿ ಸುತ್ತಿ. ಸುರುಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿ, ಬಾಯಿ ಪೂರ್ತಿ ಕಟ್ಟಬೇಡಿ. ಸುಮಾರು 25 ಡಿಗ್ರಿ ಸೆಲ್ಸಿಯಸ್ ಶಾಖ ಇರುವಲ್ಲಿಡಿ. ನಾಲ್ಕನೇ ದಿನ ಒಮ್ಮೆ, ಏಳನೇ ದಿನ ಕೊನೆಯದಾಗಿ ಎಣಿಸಿ.

ಕೆಡುವುದು ಮೂರು ಕಡೆ. ನೀರು ಹೆಚ್ಚಾಗಿ ಕಾಳಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಟವೆಲನ್ನು ಬೆರಳಿನಿಂದ ಒತ್ತಿದಾಗ ನೀರಿನ ಹೊಳೆಹೊಳೆ ಪದರ ಕಂಡರೆ ಅದು ಹೆಚ್ಚೇ. ಎರಡನೆಯದು, ಬೂಷ್ಟು ಹಿಡಿದ ಒಂದು ಕಾಳು ನೆರೆಹೊರೆಯನ್ನೂ ಹಾಳು ಮಾಡುತ್ತದೆ, ಅದಕ್ಕೇ ತಾಗದಂತೆ ಇಡುವುದು. ಮೂರನೆಯದು ಎಣಿಕೆಯ ತಪ್ಪು: ಬೇರು ಮಾತ್ರ ಬಂದು ಕುಡಿ ಬಾರದ್ದನ್ನು, ಕುಡಿ ಸುರುಟಿ ಸೀಳಿದ್ದನ್ನು ಮಕ್ಕಳು ‘ಮೊಳೆತಿದೆ’ ಎಂದು ಸೇರಿಸಿಬಿಡುತ್ತಾರೆ. ಹೊಲದಲ್ಲಿ ಗಿಡವಾಗಬಲ್ಲದ್ದನ್ನು ಮಾತ್ರ ಎಣಿಸಬೇಕು.

ಲೇಬಲ್ಲಿನಲ್ಲಿ 90 ಎಂದಿದ್ದು ನಿಮಗೆ 86 ಬಂದರೆ ಯಾರನ್ನೂ ಸುಳ್ಳುಗಾರರೆನ್ನಬೇಡಿ. 100 ಕಾಳಿನ ಪರೀಕ್ಷೆಯಲ್ಲಿ ಐದಾರರ ಏರುಪೇರು ಆಯ್ಕೆಯ ಆಕಸ್ಮಿಕದಿಂದಲೇ ಆಗುತ್ತದೆ. 70 ಬಂದರೆ ಮತ್ತೊಮ್ಮೆ ಮಾಡಿ. ಆಗಲೂ 70ರ ಹತ್ತಿರವೇ ಇದ್ದರೆ ಲೇಬಲ್ಲಿನ ದಿನಾಂಕ ನೋಡಿ. ಒಂದು ಎಚ್ಚರಿಕೆ: ಗುಲಾಬಿ, ನೀಲಿ, ಹಸಿರು ಬಣ್ಣ ಬಳಿದ ಬೀಜ ಔಷಧ ಉಪಚರಿಸಿದ್ದು. ಬಣ್ಣ ಇರುವುದೇ ಅದನ್ನು ತಿನ್ನುವ ಕಾಳಿನಿಂದ ಬೇರೆಯಾಗಿ ತೋರಿಸಲು. ಬರಿಗೈಯಲ್ಲಿ ಮುಟ್ಟಬಾರದು, ಉಳಿದದ್ದನ್ನು ಕೋಳಿಗೆ ಹಾಕಬಾರದು.

ಗೊಬ್ಬರದ ಮಳಿಗೆ ಸಿಕ್ಕರೆ ಗಣಿತದ ಒಂದು ಪಾಠವೂ ಅಲ್ಲೇ ಆಗುತ್ತದೆ. 50 ಕಿಲೋ ಚೀಲದ ಮೇಲೆ 10-26-26 ಎಂದಿದ್ದರೆ ಅವು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ನ ಶೇಕಡಾವಾರು ಅಂಕಿಗಳು. ಸಾರಜನಕ 5 ಕಿಲೋ ಎಂಬುದು ಸರಿ. ಆದರೆ ರಂಜಕ 13 ಕಿಲೋ ಅಲ್ಲ. ಆ ಅಂಕಿ ರಂಜಕದ ಆಕ್ಸೈಡಿನದ್ದು, 0.436ರಿಂದ ಗುಣಿಸಿದರೆ ನಿಜವಾದ ರಂಜಕ 5.7 ಕಿಲೋ ಸಿಗುತ್ತದೆ. ಪೊಟ್ಯಾಷ್ ಕೂಡ ಹಾಗೆಯೇ: 0.83ರಿಂದ ಗುಣಿಸಿದರೆ ಪೊಟ್ಯಾಸಿಯಂ 10.8 ಕಿಲೋ. ಹಳೆಯ ಕಾಲದ ರಸಾಯನಶಾಸ್ತ್ರಜ್ಞರು ಆಕ್ಸೈಡಿನ ಲೆಕ್ಕದಲ್ಲಿ ಬರೆದರು, ರೂಢಿ ಹಾಗೇ ಉಳಿಯಿತು.

ಪ್ರಶ್ನೆ: ಅಮೆರಿಕದಲ್ಲಿ ಹೈಸ್ಕೂಲು ಮಕ್ಕಳದ್ದೇ ದೊಡ್ಡ ಕೃಷಿ ಸಮ್ಮೇಳನ ನಡೆಯುತ್ತದಂತೆ. ಅಲ್ಲಿ ಮಕ್ಕಳು ಹಸು, ಬೀಜಗಳಿಗೆ ‘ತೀರ್ಪು’ ಕೊಡುತ್ತಾರೆ ಎಂದು ಓದಿದೆ. ಅದೇನು? ತರಗತಿಯಲ್ಲಿ ಮಾಡಿಸಬಹುದೇ?
— ಕೃಷಿ ವಿಷಯದ ಪ್ರಶಿಕ್ಷಣಾರ್ಥಿ

ಉತ್ತರ: ನೀವು ಕೇಳಿದ್ದು ಎಫ್‌ಎಫ್‌ಎ ಎಂಬ ಮಕ್ಕಳ ಸಂಘಟನೆಯ ಸಮ್ಮೇಳನದ ವಿಷಯ. ಅಮೆರಿಕದ ಶಾಲೆಗಳಲ್ಲಿ ಕೃಷಿ ಶಿಕ್ಷಣಕ್ಕೆ ಕೇಂದ್ರ ಸರ್ಕಾರದ ಹಣ ಬರುವಂತೆ ಮಾಡಿದ್ದು 1917ರ ಸ್ಮಿತ್-ಹ್ಯೂಸ್ ಕಾಯಿದೆ. ಆ ಮಕ್ಕಳ ಸಂಘಟನೆಯಾಗಿ ‘ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕ’ 1928ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಹುಟ್ಟಿತು. ಹುಡುಗಿಯರಿಗೆ ರಾಷ್ಟ್ರಮಟ್ಟದಲ್ಲಿ ಸದಸ್ಯತ್ವ ಸಿಕ್ಕಿದ್ದು 1969ರಲ್ಲಿ. ಕೃಷಿ ಎಂದರೆ ಉಳುವುದಷ್ಟೇ ಅಲ್ಲ ಎಂದು 1988ರಲ್ಲಿ ಹೆಸರನ್ನು ‘ನ್ಯಾಷನಲ್ ಎಫ್‌ಎಫ್‌ಎ ಆರ್ಗನೈಸೇಷನ್’ ಎಂದು ಬದಲಿಸಿಕೊಂಡರು. 1933ರಲ್ಲಿ ಅಧಿಕೃತ ಉಡುಪಾದ ನೀಲಿ ಕಾರ್ಡುರಾಯ್ ಜಾಕೆಟ್ಟು ಈಗಲೂ ಇದೆ. ಸಮ್ಮೇಳನ 1998ರವರೆಗೆ ಕಾನ್ಸಾಸ್ ಸಿಟಿಯಲ್ಲಿ, ಆಮೇಲೆ ಲೂಯಿವಿಲ್‌ನಲ್ಲಿ ನಡೆದು ಈಗ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುತ್ತಿದೆ.

ತೀರ್ಪಿನ ಪಂದ್ಯ ತರಗತಿಗೆ ತರಲು ತುಂಬ ಒಳ್ಳೆಯದು, ಹಸುವೇ ಬೇಕೆಂದಿಲ್ಲ. ಮಕ್ಕಳ ಮುಂದೆ ನಾಲ್ಕು ಹಸು, ಅಥವಾ ನಾಲ್ಕು ಬೀಜದ ಮಾದರಿ, ನಾಲ್ಕು ಹುಲ್ಲಿನ ಕಂತೆ ಇಡುತ್ತಾರೆ. 1ರಿಂದ 4ರವರೆಗೆ ನಂಬರು. ಮಕ್ಕಳು ಮಾತಾಡದೆ ನೋಡಿ, ಒಳ್ಳೆಯದರಿಂದ ಕೆಳಕ್ಕೆ ಕ್ರಮ ಹಚ್ಚಿ ಬರೆದುಕೊಡಬೇಕು. ಆಮೇಲೆ ಕಾರಣವನ್ನು ಎರಡು ನಿಮಿಷದೊಳಗೆ ತೀರ್ಪುಗಾರರ ಎದುರು ನಿಂತು ಹೇಳಬೇಕು.

ಅಂಕ ಕೊಡುವ ವಿಧಾನದಲ್ಲಿ ಜಾಣತನವಿದೆ. ಪೂರ್ಣಾಂಕ 50. ತೀರ್ಪುಗಾರರು ಸರಿಯಾದ ಕ್ರಮದ ಜೊತೆಗೆ ಮೂರು ‘ಅಂತರ’ಗಳನ್ನೂ ಮೊದಲೇ ಬರೆದಿಟ್ಟಿರುತ್ತಾರೆ: ಒಂದನೇ ಮತ್ತು ಎರಡನೇ ಸ್ಥಾನದ ನಡುವೆ ಎಷ್ಟು, ಎರಡನೇ-ಮೂರನೇ ನಡುವೆ ಎಷ್ಟು, ಮೂರನೇ-ನಾಲ್ಕನೇ ನಡುವೆ ಎಷ್ಟು. ಎದ್ದು ಕಾಣುವ ವ್ಯತ್ಯಾಸಕ್ಕೆ ದೊಡ್ಡ ಅಂಕಿ, ಕೂದಲೆಳೆಯ ವ್ಯತ್ಯಾಸಕ್ಕೆ ಸಣ್ಣದು. ಸರಿಯಾದ ಕ್ರಮ 3-1-4-2, ಅಂತರಗಳು 3, 5, 2 ಎಂದಿಟ್ಟುಕೊಳ್ಳಿ. ಹುಡುಗನೊಬ್ಬ 1-3-4-2 ಎಂದು ಬರೆದರೆ ಮೇಲಿನ ಜೋಡಿ ಮಾತ್ರ ತಿರುಗಿದೆ, 3 ಕಳೆದು 47. ಇನ್ನೊಬ್ಬಳು 3-4-1-2 ಎಂದರೆ ನಡುವಿನ ಜೋಡಿ ತಿರುಗಿದೆ, 5 ಕಳೆದು 45. ಮತ್ತೊಬ್ಬ ಒಳ್ಳೆಯ ಮಾದರಿಯನ್ನೇ ಮೂರನೆಯದಕ್ಕೆ ತಳ್ಳಿ 1-4-3-2 ಎಂದ ಅನ್ನಿ. 3ಕ್ಕೂ 1ಕ್ಕೂ ಇರುವ ಅಂತರ 3. 3ಕ್ಕೂ 4ಕ್ಕೂ ಇರುವುದು 3 ಮತ್ತು 5 ಕೂಡಿ 8. ಒಟ್ಟು 11 ಹೋಗಿ 39. ಪೂರ್ತಿ ತಲೆಕೆಳಗು ಬರೆದವನಿಗೆ ಆರೂ ಜೋಡಿ ತಪ್ಪು, 35 ಹೋಗಿ 15 ಉಳಿಯುತ್ತದೆ. ಅಂದರೆ ಹತ್ತಿರದ ಎರಡನ್ನು ಅದಲುಬದಲು ಮಾಡಿದವನಿಗೂ ಕಣ್ಣುಮುಚ್ಚಿ ಬರೆದವನಿಗೂ ಒಂದೇ ಶಿಕ್ಷೆ ಇಲ್ಲ. ನಮ್ಮ ‘ಸರಿ-ತಪ್ಪು’ ಪರೀಕ್ಷೆಗಳಲ್ಲಿ ಈ ಸೂಕ್ಷ್ಮ ಇರುವುದಿಲ್ಲ.

ಅಂತರ ನೀವೇ ಇಡುವಾಗ ಒಂದು ನಿಯಮ: ಮೊದಲ ಮತ್ತು ಕೊನೆಯ ಅಂತರವನ್ನು 3ರಿಂದ, ನಡುವಿನದನ್ನು 4ರಿಂದ ಗುಣಿಸಿ ಕೂಡಿದರೆ 50 ಮೀರಬಾರದು. ಮೀರಿದರೆ ತಲೆಕೆಳಗು ಬರೆದವರ ಅಂಕ ಸೊನ್ನೆಗಿಂತ ಕೆಳಗಿಳಿಯುತ್ತದೆ.

ಸಮ್ಮೇಳನಕ್ಕೆ ಒಂದು ವಾರ ಮೊದಲು ನಾಲ್ಕು ಮೆಕ್ಕೆಜೋಳದ ತೆನೆ ಇಟ್ಟು ಆಡಿಸಿ. ಹನ್ನೆರಡು ನಿಮಿಷ ಸಾಕು. ನೋಡಬೇಕಾದದ್ದು: ಕಾಳಿನ ಸಾಲು ನೇರವಾಗಿದೆಯೇ, ತುದಿಯವರೆಗೆ ಕಾಳು ಕಟ್ಟಿದೆಯೇ, ಹುಳ ಕೊರೆದಿದೆಯೇ, ಬೂಷ್ಟಿದೆಯೇ. ನಾಲ್ಕೂ ಒಂದೇ ತರಹದ ತೆನೆ ಇಡುವುದು ಸಾಮಾನ್ಯ ತಪ್ಪು. ಒಂದು ಎದ್ದು ಕಾಣುವಷ್ಟು ಒಳ್ಳೆಯದು, ಒಂದು ಎದ್ದು ಕಾಣುವಷ್ಟು ಕೆಟ್ಟದ್ದು, ನಡುವೆ ಎರಡು ಸಮೀಪದವು ಇರಲಿ. ಕಾರಣ ಹೇಳುವಾಗ ‘ಇದು ಚೆನ್ನಾಗಿದೆ’ ಎಂಬ ಮಾತಿಗೆ ಅಂಕವಿಲ್ಲ. ‘ಮೂರನೆಯದರ ತುದಿಯವರೆಗೆ ಕಾಳು ತುಂಬಿದೆ, ಒಂದನೆಯದರ ತುದಿ ಎರಡು ಬೆರಳಗಲ ಬರಿದಾಗಿದೆ, ಆದರೆ ಒಂದನೆಯದರ ಸಾಲು ಮೂರನೆಯದಕ್ಕಿಂತ ನೇರ ಎಂದು ಒಪ್ಪುತ್ತೇನೆ’ ಎನ್ನಬೇಕು. ತಾನು ಕೆಳಗಿಟ್ಟದ್ದರ ಗುಣವನ್ನೂ ಒಪ್ಪಿ ಹೇಳುವುದು ಈ ಪಂದ್ಯದ ಕಟ್ಟಳೆ. ಇಷ್ಟು ಅಭ್ಯಾಸವಾದ ಮಕ್ಕಳು ಸಮ್ಮೇಳನದ ಹಸುವಿನ ಅಂಕಣದ ಮುಂದೆ ನಿಂತರೆ ತಾವಾಗಿಯೇ ಹೋಲಿಸಲು ತೊಡಗುತ್ತಾರೆ. ವಿವರಣೆ ಕೊಡಬೇಕೆಂಬ ನಿಮ್ಮ ಆಸೆಯನ್ನು ಆಗ ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳಿ.

ಪ್ರಶ್ನೆ: ಯಂತ್ರಗಳ ಅಂಗಳಕ್ಕೆ ಹೋದರೆ ಹುಡುಗರನ್ನು ಹಿಡಿಯುವುದೇ ಕಷ್ಟ. ಟ್ರ್ಯಾಕ್ಟರ್ ಹತ್ತಿ ಕೂರುತ್ತಾರೆ. ಏನೇನು ಎಚ್ಚರಿಕೆ ಬೇಕು?
— ದೈಹಿಕ ಶಿಕ್ಷಣ ಶಿಕ್ಷಕ

ಉತ್ತರ: ನಿಂತ ಟ್ರ್ಯಾಕ್ಟರನ್ನು ಮಳಿಗೆಯವರ ಒಪ್ಪಿಗೆ ಪಡೆದು, ಕೀಲಿ ತೆಗೆದು, ಕೈಬ್ರೇಕು ಹಾಕಿ, ಜೋಡಿಸಿದ ಉಪಕರಣವನ್ನು ನೆಲಕ್ಕಿಳಿಸಿದ ಮೇಲೆ ಒಬ್ಬೊಬ್ಬರಾಗಿ ಹತ್ತಿದರೆ ಅಡ್ಡಿಯಿಲ್ಲ. ಮಡ್‌ಗಾರ್ಡಿನ ಮೇಲೆ ಕೂರುವುದು ಬೇಡವೇ ಬೇಡ. ಚಲಿಸುವ ಟ್ರ್ಯಾಕ್ಟರಿನಿಂದ ಅಲ್ಲಿ ಕೂತವರು ಬೀಳುವುದು ನೇರ ಹಿಂದಿನ ಚಕ್ರದ ಕೆಳಕ್ಕೆ. ನಿಂತದ್ದರಲ್ಲಿ ಅಭ್ಯಾಸವಾದದ್ದನ್ನು ಓಡುವಾಗಲೂ ಮಾಡುತ್ತಾರೆ.

ಓಡುತ್ತಿರುವ ಯಂತ್ರದಲ್ಲಿ ಎಲ್ಲಕ್ಕಿಂತ ಅಪಾಯದ್ದು ಹಿಂಬದಿಯ ಪಿಟಿಒ ಶಾಫ್ಟು, ಟ್ರ್ಯಾಕ್ಟರಿನ ಶಕ್ತಿಯನ್ನು ಜೋಡಿಸಿದ ಯಂತ್ರಕ್ಕೆ ದಾಟಿಸುವ ತಿರುಗುದಂಡ. ಅದರ ಸಾಮಾನ್ಯ ವೇಗ ನಿಮಿಷಕ್ಕೆ 540 ಸುತ್ತು, ಎಂದರೆ ಸೆಕೆಂಡಿಗೆ ಒಂಬತ್ತು. ದಂಡ 5 ಸೆಂಟಿಮೀಟರ್ ದಪ್ಪವಿದ್ದರೆ ಒಂದು ಸುತ್ತಿಗೆ 15.7 ಸೆಂಟಿಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ, ಒಂದು ಸೆಕೆಂಡಿಗೆ 1.4 ಮೀಟರ್. ‘ಅಯ್ಯೋ’ ಎನ್ನುವಷ್ಟರಲ್ಲಿ ತೋಳು ಶಾಫ್ಟಿನ ಹತ್ತಿರವಿರುತ್ತದೆ. ಈ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ, ಬೈಗುಳಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಶಾಫ್ಟಿನ ಮೇಲೆ ಪ್ಲಾಸ್ಟಿಕ್ ಕವಚ ಇದೆಯೇ, ಶಾಫ್ಟು ತಿರುಗುವಾಗ ಕವಚ ತಿರುಗದೆ ನಿಲ್ಲುವಂತೆ ಸರಪಳಿ ಹಾಕಿದ್ದಾರೆಯೇ ಎಂದು ನೋಡಲು ಹೇಳಿ. ಜಡೆ ಕಟ್ಟಿ ಒಳಗೆ ಸಿಕ್ಕಿಸಲಿ, ಶಾಲು, ಸಡಿಲ ತೋಳು, ಗುರುತಿನ ಚೀಟಿಯ ದಾರ ಬಿಚ್ಚಿಡಲಿ. ದಾರದ ಬದಲು ಪಿನ್ನು ಒಳ್ಳೆಯದು.

ಹೈಡ್ರಾಲಿಕ್‌ನಿಂದ ಮೇಲೆತ್ತಿದ ಉಪಕರಣದ ಕೆಳಗೆ ಬಗ್ಗಿ ನೋಡಬಾರದು. ಕೊಳವೆ ಒಡೆದರೆ ಅದು ಎಚ್ಚರಿಕೆ ಕೊಟ್ಟು ಬೀಳುವುದಿಲ್ಲ. ಸೂಜಿಮೊನೆಯಷ್ಟು ಸೋರಿಕೆಯನ್ನು ಬೆರಳಿನಿಂದ ಮುಟ್ಟಿ ಪರೀಕ್ಷಿಸಬಾರದು. ಒತ್ತಡದ ಎಣ್ಣೆ ಚರ್ಮದೊಳಕ್ಕೆ ಹೊಕ್ಕರೆ ಹೊರಗೆ ಕಾಣುವುದು ಸಣ್ಣ ಚುಕ್ಕೆ, ನೋವೂ ಮೊದಲಿಗೆ ಕಡಿಮೆ, ಆದರೆ ತಡಮಾಡಿದರೆ ಬೆರಳೇ ಹೋಗಬಹುದು. ನೇರ ಆಸ್ಪತ್ರೆಗೆ. ಡ್ರೋನ್ ಸಿಂಪಡಣೆ ತೋರಿಸುವಾಗ ಗಾಳಿ ಬರುವ ದಿಕ್ಕಿನಲ್ಲಿ ನಿಲ್ಲಿಸಿ, ಹೋಗುವ ದಿಕ್ಕಿನಲ್ಲಿ ಅಲ್ಲ. ಬರಿ ನೀರನ್ನೇ ಸಿಂಪಡಿಸುತ್ತಿದ್ದಾರೆಂದು ಹೇಳಿದರೂ ಟ್ಯಾಂಕಿನಲ್ಲಿ ಹಿಂದೆ ಏನಿತ್ತೋ ಯಾರು ಬಲ್ಲರು.

ದೊಡ್ಡ ಕಣಜ, ಸೈಲೋ ಮಾದರಿ ಇದ್ದರೆ ಅಲ್ಲಿ ಎರಡು ನಿಮಿಷ ನಿಲ್ಲಿ. ಕೆಳಗಿನಿಂದ ಕಾಳು ಹರಿಯುತ್ತಿರುವಾಗ ಮೇಲೆ ನಿಂತವರು ಕೆಲವೇ ಸೆಕೆಂಡುಗಳಲ್ಲಿ ಕಾಲು ಕೀಳಲಾರದಷ್ಟು ಹೂತುಹೋಗುತ್ತಾರೆ. ಶಾಲೆಯಲ್ಲಿ ತೋರಿಸಲು ತಳ ಕತ್ತರಿಸಿದ ಬಾಟಲಿಯನ್ನು ತಲೆಕೆಳಗು ಹಿಡಿದು ಜೋಳ ತುಂಬಿ, ಮೇಲೊಂದು ಸಣ್ಣ ಗೊಂಬೆ ನಿಲ್ಲಿಸಿ ಮುಚ್ಚಳ ತೆಗೆಯಿರಿ. ಸೊಂಟದವರೆಗೆ ಹೂತಾಗ ಮುಚ್ಚಳ ಹಾಕಿ, ಗೊಂಬೆಗೆ ಕಟ್ಟಿದ ದಾರವನ್ನು ಸ್ಪ್ರಿಂಗ್ ತಕ್ಕಡಿಯಿಂದ ಎಳೆಸಿ ನೋಡಿ. ಗೊಂಬೆಯ ತೂಕಕ್ಕಿಂತ ಎಷ್ಟು ಹೆಚ್ಚು ಬಲ ಬೇಕಾಯಿತು ಎಂಬುದನ್ನು ಮಕ್ಕಳೇ ಓದಿ ಹೇಳಲಿ.

ಪ್ರಶ್ನೆ: ಜಾನುವಾರು ಅಂಕಣದಲ್ಲಿ ಮಕ್ಕಳು ಮುಟ್ಟಬಹುದೇ? ಸ್ಯಾನಿಟೈಸರ್ ಒಯ್ದರೆ ಸಾಕಲ್ಲವೇ?
— ಪ್ರಶಿಕ್ಷಣಾರ್ಥಿ

ಉತ್ತರ: ಮುಟ್ಟಬಹುದು. ಸ್ಯಾನಿಟೈಸರ್ ಸಾಲದು.

ಸಗಣಿ, ಮಣ್ಣು ಮೆತ್ತಿದ ಕೈಯಲ್ಲಿ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಕರುಗಳ ಭೇದಿಯಿಂದ ಹರಡುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿಗಂತೂ ಆಲ್ಕೊಹಾಲ್ ಲೆಕ್ಕಕ್ಕೇ ಇಲ್ಲ. ಹರಿಯುವ ನೀರು, ಸಾಬೂನು, 20 ಸೆಕೆಂಡು ತಿಕ್ಕುವುದು, ಉಗುರಿನ ಸಂದು ಸೇರಿ. ಪ್ರಾಣಿಯನ್ನು ಮುಟ್ಟದೆ ಬೇಲಿಯ ಕಂಬಿ ಹಿಡಿದು ನಿಂತವರೂ ತೊಳೆಯಬೇಕು. ಅಂಕಣದೊಳಗೆ ತಿಂಡಿ, ನೀರಿನ ಬಾಟಲಿ, ಬಾಯಿಗೆ ಕಚ್ಚುವ ಪೆನ್ನು ಬೇಡ. ಆರೋಗ್ಯವಾಗಿ ಕಾಣುವ ಹಸು, ಕುರಿಗಳ ಹೊಟ್ಟೆಯಲ್ಲೂ ಇ. ಕೋಲಿ ಒ157 ಎಂಬ ರಕ್ತಭೇದಿ ತರುವ ಬ್ಯಾಕ್ಟೀರಿಯಾ ಇರಬಹುದು. ತಗುಲಿದರೆ ಹೆಚ್ಚಿನವರಲ್ಲಿ ಮೂರು-ನಾಲ್ಕು ದಿನದ ಮೇಲೆ ಕಾಣಿಸಿಕೊಳ್ಳುತ್ತದೆ, ಹೀಗಾಗಿ ಪ್ರವಾಸಕ್ಕೂ ಹೊಟ್ಟೆನೋವಿಗೂ ಸಂಬಂಧವಿದೆ ಎಂದು ಮನೆಯವರಿಗೆ ಹೊಳೆಯುವುದಿಲ್ಲ. ಪೋಷಕರಿಗೆ ಕಳಿಸುವ ಚೀಟಿಯಲ್ಲಿ ಒಂದು ಸಾಲು ಸೇರಿಸಿ: ಹತ್ತು ದಿನದೊಳಗೆ ರಕ್ತಭೇದಿಯಾದರೆ ವೈದ್ಯರ ಬಳಿ ಹೋಗಿ, ಮಗು ಜಾನುವಾರುಗಳ ಬಳಿ ಇತ್ತು ಎಂಬುದನ್ನು ತಪ್ಪದೆ ಹೇಳಿ.

ಹತ್ತಿರ ಹೋಗುವ ರೀತಿಯೂ ಇದೆ. ಹಸುವಿನ ಕಣ್ಣು ಅಕ್ಕಪಕ್ಕದಲ್ಲಿರುವುದರಿಂದ ಸುತ್ತಲೂ ಕಾಣುತ್ತದೆ, ಬೆನ್ನ ಹಿಂದಿನ ನೇರ ಪಟ್ಟಿ ಮಾತ್ರ ಕಾಣದು. ಅಲ್ಲಿಂದ ಬಂದರೆ ಬೆದರುತ್ತದೆ. ಭುಜದ ಕಡೆಯಿಂದ, ಮೆಲ್ಲಗೆ ಮಾತಾಡುತ್ತ ಬಂದು, ಕುತ್ತಿಗೆ ಮತ್ತು ಭುಜ ಮುಟ್ಟಬೇಕು. ಕುದುರೆ ಒದೆಯುವುದು ಹೆಚ್ಚಾಗಿ ಹಿಂದಕ್ಕೆ; ಹಸು ಕಾಲನ್ನು ಮುಂದಕ್ಕೆ ತಂದು ಪಕ್ಕಕ್ಕೂ ಬೀಸುತ್ತದೆ, ಆದ್ದರಿಂದ ಹಿಂದೆ ನಿಲ್ಲದಿದ್ದರೆ ಸಾಕು ಎಂಬ ಧೈರ್ಯ ಬೇಡ.

ಮನೆಯಲ್ಲಿ ಕೋಳಿ, ಹಂದಿ, ದನ ಇರುವ ಮಕ್ಕಳಿಗೆ ಬೇರೆಯೇ ಸೂಚನೆ. ಕಾಲುಬಾಯಿ ಜ್ವರದ ವೈರಾಣು, ಹಕ್ಕಿಜ್ವರದ ವೈರಾಣು ಪಾದರಕ್ಷೆಗೆ ಮೆತ್ತಿದ ಕೊಳೆಯೊಂದಿಗೆ ಊರು ದಾಟುತ್ತವೆ. ಮನೆ ಸೇರಿದೊಡನೆ ಕೊಟ್ಟಿಗೆಗೆ ಹೋಗಬಾರದು. ಮೊದಲು ಪಾದರಕ್ಷೆಯ ಅಡಿಯನ್ನು ಬ್ರಷ್ಷಿನಿಂದ ಉಜ್ಜಿ ತೊಳೆದು, ಬಟ್ಟೆ ಬದಲಿಸಬೇಕು. ಕೊಳೆ ಹೋಗದೆ ಸೋಂಕುನಿವಾರಕ ಸುರಿದರೆ ವ್ಯರ್ಥ. ಜೊತೆಗೆ ಬರುವ ಶಿಕ್ಷಕಿಯರಲ್ಲಿ ಗರ್ಭಿಣಿಯರಿದ್ದರೆ ಈಯುವ, ಆಗಷ್ಟೇ ಈದ ಕುರಿ ಮೇಕೆಗಳ ಅಂಕಣದಿಂದ ಅವರು ದೂರವಿರಲಿ. ಗರ್ಭಕ್ಕೆ ಕೆಡುಕು ಮಾಡುವ ಕೆಲವು ಸೋಂಕುಗಳು ಅಲ್ಲಿಂದ ಬರುತ್ತವೆ.

ಪ್ರಶ್ನೆ: ನನ್ನ ಮಗಳಿಗೆ ಉಬ್ಬಸ ಇದೆ. ಕಳಿಸಲೇ?
— ಪೋಷಕರೊಬ್ಬರು

ಉತ್ತರ: ವೈದ್ಯರು ಬೇಡವೆಂದಿಲ್ಲದಿದ್ದರೆ ಕಳಿಸಿ. ಒಣಹುಲ್ಲು, ಕಾಳಿನ ದೂಳು, ಪ್ರಾಣಿಗಳ ಕೂದಲು ಉಬ್ಬಸವನ್ನು ಕೆರಳಿಸುತ್ತವೆ. ಒಕ್ಕುವ ಯಂತ್ರದ ಪ್ರಾತ್ಯಕ್ಷಿಕೆ ಮತ್ತು ಹುಲ್ಲಿನ ರಾಶಿಯಿಂದ ದೂರವಿಡುವಂತೆ ಒಪ್ಪಿಗೆ ಪತ್ರದಲ್ಲೇ ಬರೆಯಿರಿ. ಇನ್ಹೇಲರ್ ಬಸ್ಸಿನಲ್ಲಿಟ್ಟ ಚೀಲದಲ್ಲಿ ಇರಕೂಡದು. ಮಗಳ ಜೇಬಿನಲ್ಲಿ ಒಂದು, ಗುಂಪಿನ ಹಿರಿಯರ ಬಳಿ ಒಂದು. ಔಷಧದ ಹೆಸರು, ಪ್ರಮಾಣ, ಎರಡು ಫೋನ್ ನಂಬರು ಬರೆದ ಚೀಟಿಯೂ ಅದರ ಜೊತೆಗಿರಲಿ.

ಪ್ರಶ್ನೆ: ಜನಜಂಗುಳಿಯಲ್ಲಿ ಒಂದು ಮಗು ಕಾಣದಾದರೆ?
— ಪ್ರಶಿಕ್ಷಣಾರ್ಥಿ

ಉತ್ತರ: ಕಾಣದಾದದ್ದು ಬೇಗ ಗೊತ್ತಾಗುವುದೇ ಅರ್ಧ ಪರಿಹಾರ. ತಲೆ ಎಣಿಸಬೇಡಿ, ಮಕ್ಕಳು 1ರಿಂದ 8ರವರೆಗೆ ತಮ್ಮ ನಂಬರನ್ನು ತಾವೇ ಕೂಗಲಿ. ತಲೆ ಎಣಿಸಿದರೆ ಬೇರೆ ಶಾಲೆಯ ಮಗುವೂ ಸೇರಿಹೋಗುತ್ತದೆ, ನಂಬರು ಕೂಗಿದರೆ ಯಾರಿಲ್ಲ ಎಂಬುದೇ ತಿಳಿಯುತ್ತದೆ. ಒಂದೊಂದು ಮಳಿಗೆ ಬಿಡುವಾಗಲೂ, ಶೌಚಾಲಯದಿಂದ ಬಂದಾಗಲೂ, ಬಸ್ಸು ಅಲುಗುವ ಮುನ್ನವೂ ಕೂಗಿಸಿ.

ಒಬ್ಬರು ಇಲ್ಲವೆಂದರೆ ಉಳಿದವರನ್ನು ಅಲ್ಲೇ ಕೂರಿಸಿ. ಕೊನೆಗೆ ನೋಡಿದವರು ಯಾರು, ಎಲ್ಲಿ ಎಂದು ಕೇಳಿ. ಒಬ್ಬರು ಹಿಂದಿನ ಮಳಿಗೆಗೆ, ಒಬ್ಬರು ಸೇರುವ ಸ್ಥಳಕ್ಕೆ, ಒಬ್ಬರು ಸಂಘಟಕರ ಕಚೇರಿಗೆ ಹೋಗಲಿ. ಹತ್ತು ನಿಮಿಷದಲ್ಲಿ ಸಿಗದಿದ್ದರೆ ಮುಜುಗರ ಬಿಟ್ಟು ಭದ್ರತೆಯವರಿಗೂ ಪೊಲೀಸರಿಗೂ ತಿಳಿಸಿ. ಜನ ತುಂಬಿದ ಮೈದಾನದಲ್ಲಿ ಫೋನ್ ಕರೆ ಸಿಗದೇ ಹೋಗಬಹುದು, ಎಸ್‌ಎಂಎಸ್ ಹೋಗುವುದುಂಟು. ಮಕ್ಕಳ ಪಟ್ಟಿ ಮಾತ್ರ ಕಾಗದದ ಮೇಲೇ ಇರಲಿ. ಎದೆಯ ಚೀಟಿಯಲ್ಲಿ ಶಾಲೆಯ ಹೆಸರು, ಫೋನು ಸಾಕು. ಮಗುವಿನ ಹೆಸರು ಬರೆದರೆ ಅಪರಿಚಿತರು ಹೆಸರು ಹಿಡಿದೇ ಕರೆಯುತ್ತಾರೆ.

ಪ್ರಶ್ನೆ: ನಾನು ಪೇಟೆಯಲ್ಲಿ ಬೆಳೆದವಳು. ತರಗತಿಯಲ್ಲಿ ಅರ್ಧ ಮಕ್ಕಳು ಒಕ್ಕಲು ಮನೆಯವರು, ನನಗಿಂತ ಹೆಚ್ಚು ಬಲ್ಲವರು. ಅವರ ಮುಂದೆ ನಗೆಪಾಟಲಾಗದಿರುವುದು ಹೇಗೆ?
— ಜೀವಶಾಸ್ತ್ರದ ಪ್ರಶಿಕ್ಷಣಾರ್ಥಿ

ಉತ್ತರ: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಗೊತ್ತಿರುವಂತೆ ನಟಿಸಿ ಬಾರ್ಲಿಯನ್ನು ಗೋಧಿ ಎಂದಾಗಲೇ ನಗು ಬರುವುದು. ಒಂದೊಂದು ಗುಂಪಿನಲ್ಲೂ ಹೊಲ ಬಲ್ಲವರು ಇಬ್ಬರಿರುವಂತೆ ಹಂಚಿ, ಉಪಕರಣಗಳ ಹೆಸರು, ಬಳಕೆ ಅವರೇ ಹೇಳಲಿ; ‘ಅದು ಯಾಕೆ ಹಾಗೆ?’ ಎಂದು ಕೇಳುವ ಕೆಲಸ ನಿಮ್ಮದು. ಒಂದು ಎಚ್ಚರ: ‘ನಿಮ್ಮ ಮನೆಯಲ್ಲಿ ಎಷ್ಟು ಜಮೀನಿದೆ, ಎಷ್ಟು ಬೆಳೆದಿರಿ’ ಎಂದು ಎಲ್ಲರ ಮುಂದೆ ಕೇಳಬೇಡಿ. ಸಾಲ, ಗೇಣಿ, ಪಾಲುಗಾರಿಕೆಯ ಸಂಗತಿ ಹದಿನಾಲ್ಕರ ವಯಸ್ಸಿನವರಿಗೆ ಚೆನ್ನಾಗಿ ಗೊತ್ತಿರುತ್ತದೆ, ಹೇಳಿಕೊಳ್ಳಲು ಇಷ್ಟವಿರುವುದಿಲ್ಲ.

ಪ್ರಶ್ನೆ: ಪ್ರವಾಸದ ಮೇಲೆ ‘ನಾನು ಕಂಡ ಕೃಷಿ ಸಮ್ಮೇಳನ’ ಪ್ರಬಂಧ ಬರೆಸುವುದು ವಾಡಿಕೆ. ಬೇರೇನಾದರೂ ಮಾಡಬಹುದೇ? ಮಳಿಗೆಯಿಂದ ಸಸಿ, ಮಣ್ಣಿನ ಮಾದರಿ ತರಬಹುದೇ?
— ಮಾರ್ಗದರ್ಶಿ ಶಿಕ್ಷಕ

ಉತ್ತರ: ಪ್ರಬಂಧ ಬೇಡ. ಎಲ್ಲವೂ ‘ಬೆಳಗ್ಗೆ ಆರಕ್ಕೆ ಎದ್ದೆವು’ ಎಂದು ಶುರುವಾಗಿ ‘ತುಂಬ ಸಂತೋಷವಾಯಿತು’ ಎಂದು ಮುಗಿಯುತ್ತವೆ. ಪ್ರತಿ ಗುಂಪೂ ತಾನು ಬೆನ್ನು ಹತ್ತಿದ ಒಂದು ಮಾತನ್ನು ಅರ್ಧ ಪುಟದಲ್ಲಿ ಬರೆಯಲಿ: ಏನು ಹೇಳಿದರು, ಏನು ಕೇಳಿದೆವು, ನಂಬುತ್ತೇವೆಯೇ, ನಂಬಲು ಇನ್ನೇನು ಬೇಕು. ಮೌಲ್ಯಮಾಪನಕ್ಕೆ ಇಷ್ಟು ಸಾಕು.

ಹೊರಗಿನ ಮಣ್ಣು ಮತ್ತು ಬೇರಿನೊಂದಿಗೆ ಇರುವ ಸಸಿ ತರಬೇಡಿ. ಬೇರುಗಂಟಿನ ಜಂತುಹುಳು, ಸೊರಗು ರೋಗದ ಶಿಲೀಂಧ್ರಗಳು ಒಂದು ಹಿಡಿ ಮಣ್ಣಿನಲ್ಲೇ ಬಂದು ಶಾಲೆಯ ತೋಟದಲ್ಲಿ ವರ್ಷಗಟ್ಟಲೆ ನೆಲೆಸುತ್ತವೆ. ಮಣ್ಣಿನ ಪ್ರಯೋಗಕ್ಕೆ ಶಾಲೆಯ ಅಂಗಳದ್ದೇ ಸಾಕು. ಒಣಗಿಸಿ, ಹೆಂಟೆ ಪುಡಿಮಾಡಿ, ಜರಡಿ ಹಿಡಿದು, ಗಾಜಿನ ಜಾಡಿಯ ಮೂರನೇ ಒಂದು ಭಾಗ ತುಂಬಿ. ನೀರು ಮತ್ತು ಒಂದು ಚಮಚ ಪಾತ್ರೆ ತೊಳೆಯುವ ಪುಡಿ ಹಾಕಿ ಐದು ನಿಮಿಷ ಜೋರಾಗಿ ಅಲ್ಲಾಡಿಸಿ, ಕದಲದ ಜಾಗದಲ್ಲಿಡಿ. ಒಂದು ನಿಮಿಷಕ್ಕೆ ತಳದಲ್ಲಿ ಕೂತದ್ದು ಮರಳು, ಗುರುತು ಹಾಕಿ. ಎರಡು ಗಂಟೆಗೆ ಅದರ ಮೇಲೆ ಕೂತದ್ದು ಗೋಡು. ನೀರು ತಿಳಿಯಾಗುವ ಹೊತ್ತಿಗೆ, ಒಂದೆರಡು ದಿನದ ಮೇಲೆ, ಕೂತದ್ದು ಜೇಡಿ. ಒಂದೊಂದು ಪದರದ ಎತ್ತರವನ್ನೂ ಮೂರರ ಒಟ್ಟು ಎತ್ತರದಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡಾವಾರು ಸಿಗುತ್ತದೆ. ತೇಲುವ ಕಸಕಡ್ಡಿ ಸಾವಯವ ಪದಾರ್ಥ, ಅದನ್ನು ಎತ್ತರಕ್ಕೆ ಸೇರಿಸಬೇಡಿ. ಹತ್ತು ನಿಮಿಷಕ್ಕೇ ನೀರೆಲ್ಲ ತಿಳಿಯಾಗಿಬಿಟ್ಟರೆ ಮಣ್ಣಿನಲ್ಲಿ ಜೇಡಿಯೇ ಇಲ್ಲ ಎಂದು ಬರೆಯುವ ಮೊದಲು ಅನುಮಾನಪಡಿ: ಲವಣ ಅಥವಾ ಸುಣ್ಣ ಹೆಚ್ಚಿರುವಲ್ಲಿ ಜೇಡಿಯ ಕಣಗಳು ಗುಂಪುಗಟ್ಟಿ ಬೇಗ ಕೂರುತ್ತವೆ. ತಿಳಿನೀರನ್ನು ಬಸಿದು, ಹೊಸ ನೀರು ಮತ್ತು ಇನ್ನೊಂದು ಚಮಚ ಪುಡಿ ಹಾಕಿ ಮತ್ತೆ ಅಲ್ಲಾಡಿಸಿ.